ಹೆಡಗೆಗೆ ಬಳ್ಳಿ ಎಲ್ಲಿಂದ ಬರಬೇಕು?

ಗೊಬ್ಬರ ಹೊರಲು ಒಳ್ಳೆಯ ಹೆಡಗೆ ಸಿಗುವುದಿಲ್ಲವೆಂಬ ದೂರು ಕಾಸರಗೋಡು ಕಡೆಯ ನಮ್ಮ ರೈತ ಬಾಂಧವರಲ್ಲಿ ಈಗ ಸಾಮಾನ್ಯವಾಗಿದೆ. ಕೊರಗ ಜನರು ಹೆಣೆಯುವುದನ್ನು ಬಿಟ್ಟುಬಿಟ್ಟರೆಂದು ಕೆಲವರು ಹೇಳುವುದುಂಟು. ಎಳೆಯರು ಬೇರೆ ಕೆಲಸಕ್ಕೆ ಹೋಗುತ್ತಿರುವುದು ನಿಜ. ಆದರೆ ಹೆಣೆಯಬಲ್ಲವರಿಗೂ ಬಳ್ಳಿ ಒದಗುತ್ತಿಲ್ಲವೆಂಬುದನ್ನು ನಾವು ಮರೆಯಬಾರದು.

ತುಳುವಿನಲ್ಲಿ ಬೂರು ಎನ್ನುವ ಈ ಕಾಡುಬಳ್ಳಿಗಳಿಗೆ ಮರದ ಆಸರೆಯೂ ನೆರಳಿನ ತಂಪೂ ಬೇಕು. ಗುಡ್ಡ ಬೋಳಿಸಿ ರಬ್ಬರು ನೆಟ್ಟಲ್ಲಿ, ಬೇಲಿಯ ಪೊದೆ ಕಿತ್ತು ಮುರಕಲ್ಲಿನ ಗೋಡೆ ಕಟ್ಟಿದಲ್ಲಿ ಅವು ಹೇಗೆ ಉಳಿದಾವು? ದೂರದ ಕಾಡು ಅಲೆದು ಹೊರೆ ತಂದ ಮೇಲೆ ಬಳ್ಳಿಯ ಸಿಪ್ಪೆ ಹೆರೆದು, ದಪ್ಪನೆಯದನ್ನು ಸೀಳಿ, ಹಸಿಯಿರುವಾಗಲೇ ಹೆಣೆಯಬೇಕು. ಒಣಗಿದರೆ ನೀರಿನಲ್ಲಿ ನೆನೆಸದೆ ಬಾಗದು. ತಳಕ್ಕೆ ಗಟ್ಟಿಯಾದ ಎಳೆಗಳನ್ನು ಅಡ್ಡಡ್ಡ ಹಾಯಿಸಿ, ಅವುಗಳ ನಡುವೆ ತೆಳುಬಳ್ಳಿಯನ್ನು ಒಳಗೆ ಹೊರಗೆ ಸುತ್ತುತ್ತ ಮೇಲಕ್ಕೆ ತಂದು, ಕೊನೆಗೆ ಬಾಯಿಯನ್ನು ಬಿಗಿಯುತ್ತಾರೆ. ಬಾಯಿಕಟ್ಟು ಸಡಿಲವಾದರೆ ಹೆಡಗೆ ಬಾಳಿಕೆ ಬಾರದು. ಇಷ್ಟು ದುಡಿಮೆಯ ವಸ್ತು ಅಂಗಳಕ್ಕೆ ಬಂದಾಗ ಪ್ಲಾಸ್ಟಿಕ್ ಬುಟ್ಟಿಯ ಬೆಲೆ ಹೇಳಿ ಚೌಕಾಸಿ ಮಾಡುವವರಿದ್ದಾರಲ್ಲ! ಆ ಪ್ಲಾಸ್ಟಿಕ್ಕು ಬಿಸಿಲಿಗೆ ಒಡೆದು ತೋಟದ ಮೂಲೆಯಲ್ಲಿ ಬಿದ್ದಿರುತ್ತದೆ. ಬಳ್ಳಿಯ ಹೆಡಗೆಯ ಬಾಯಿ ಬಿಚ್ಚಿದರೆ ಮತ್ತೆ ಕಟ್ಟಿಸಬಹುದು. ಪೂರ್ತಿ ಹಳತಾದರೆ ಗೊಬ್ಬರದ ಗುಂಡಿಗೆ ಹಾಕಬಹುದು.

2006ರ ಅರಣ್ಯ ಹಕ್ಕು ಕಾಯಿದೆಯು ಅರಣ್ಯವಾಸಿಗಳಿಗೆ ಬಿದಿರು, ಬೆತ್ತ ಮೊದಲಾದ ಕಿರು ಉತ್ಪನ್ನಗಳನ್ನು ಸಂಗ್ರಹಿಸುವ ಹಕ್ಕನ್ನು ಮಾನ್ಯ ಮಾಡಿದೆ. ಕಾಡೇ ಕಿರಿದಾದಲ್ಲಿ ಆ ಹಕ್ಕಿನಿಂದ ಹೊರೆ ತುಂಬುವುದಿಲ್ಲ. ಆದುದರಿಂದ ತೋಟದ ಅಂಚಿನಲ್ಲಿ, ತೋಡಿನ ಬದಿಯಲ್ಲಿ ಒಂದಿಷ್ಟು ಪೊದೆಯನ್ನು ಬಳ್ಳಿಗೆಂದು ಬಿಡುವುದು ರೈತರಿಗೆ ಸಾಧ್ಯವಾದ ಕೆಲಸ. ಬಲಿತ ಬಳ್ಳಿಯನ್ನಷ್ಟೇ ಕೊಯ್ದು ಬುಡವನ್ನು ಉಳಿಸಿದರೆ ಅದು ಮತ್ತೆ ಚಿಗುರುತ್ತದೆ. ಬೇರುಸಹಿತ ಎಳೆದರೆ ಮುಂದಿಲ್ಲ. ಬಿದಿರಾದರೆ ಮೂರು ವರ್ಷಕ್ಕೆ ಬಲಿತ ಗಳುಗಳನ್ನು ಮಾತ್ರ ಬೇಸಗೆಯೊಳಗೆ ಕಡಿಯಬೇಕು. ಮಳೆಗಾಲದಲ್ಲಿ ಏಳುವ ಕಳಲೆಯನ್ನು ಮುಟ್ಟಕೂಡದು. (ಪಲ್ಯದ ಆಸೆ ಎಲ್ಲರಿಗೂ ಇದೆ, ಬಲ್ಲೆವು.) ಕಡಿದ ಗಳುವನ್ನು ಕೆಲವು ವಾರ ನೀರಿನಲ್ಲಿ ಮುಳುಗಿಸಿಟ್ಟರೆ ಹಿಟ್ಟಿನ ಅಂಶ ಇಳಿದು ಹುಳ ಹಿಡಿಯುವುದು ಕಡಿಮೆಯಾಗುತ್ತದೆ.

ನಮ್ಮ ಶಾಲೆಗಳಲ್ಲಿಯೂ ಕೈಕೆಲಸದ ಅವಧಿಗೆ ಹೆಣೆಯಬಲ್ಲ ಹಿರಿಯರನ್ನು ಗುರುಗಳೆಂದು ಕರೆಸಬೇಕು, ಗೌರವಧನ ಕೊಡಬೇಕು. ಹೆಡಗೆಯ ಬೆಲೆ ಕಟ್ಟುವಾಗ ಹೆಣೆದ ದಿನದ ಕೂಲಿಯ ಜತೆಗೆ ಬಳ್ಳಿಗಾಗಿ ಅಲೆದ ದಿನದ ಕೂಲಿಯನ್ನೂ ಸೇರಿಸಬೇಕೆಂದು ನಮ್ಮ ಅಭಿಪ್ರಾಯ.