ಅವಧಿ ಮುಗಿದದ್ದು ಚೀಟಿಗೆ, ಬೀಜಕ್ಕಲ್ಲ

ರೋಹಿಣಿ ಮಳೆ ಸಮೀಪಿಸುತ್ತಿದ್ದಂತೆ ಸಾಲಿಗ್ರಾಮದ ಪೇಟೆಯ ಅಂಗಡಿಗಳಲ್ಲಿ ಬಣ್ಣಬಣ್ಣದ ತರಕಾರಿ ಬೀಜದ ಪೊಟ್ಟಣಗಳು ತೂಗತೊಡಗುತ್ತವೆ. ಅದೇ ಹೊತ್ತಿಗೆ ಸುತ್ತಲಿನ ಮನೆಗಳಲ್ಲಿ ಇನ್ನೊಂದು ಕೆಲಸವೂ ಸದ್ದಿಲ್ಲದೆ ನಡೆಯುತ್ತದೆ. ಕಳೆದ ವರ್ಷದ ಅರ್ಧ ಉಳಿದ ಪೊಟ್ಟಣಗಳು, ಡಬ್ಬಿಯ ತಳದಲ್ಲಿದ್ದ ಹೀರೆ, ಹರಿವೆ, ಅಲಸಂದೆಯ ಬೀಜಗಳು ತಿಪ್ಪೆ ಸೇರುತ್ತವೆ. ಕಾರಣ ಕೇಳಿದರೆ ಉತ್ತರ ಒಂದೇ: "ಡೇಟ್ ಮುಗ್ದ್ ಹೋಯ್ತ್." ಔಷಧದ ಮಾತ್ರೆಗೆ ಅನ್ವಯಿಸುವ ನ್ಯಾಯವನ್ನು ರೈತ ಬೀಜಕ್ಕೂ ಅನ್ವಯಿಸಿಬಿಟ್ಟಿದ್ದಾನೆ.

ಆ ದಿನಾಂಕ ನಿಜಕ್ಕೂ ಏನನ್ನು ಹೇಳುತ್ತದೆ? ಭಾರತದ ಬೀಜ ಪ್ರಮಾಣನ ಮಾನದಂಡಗಳ ಪ್ರಕಾರ ಪ್ರಮಾಣಿತ ಬೀಜದ ಸಿಂಧುತ್ವ ಪರೀಕ್ಷೆಯ ದಿನದಿಂದ ಒಂಬತ್ತು ತಿಂಗಳು. ಮರುಪರೀಕ್ಷೆಯಲ್ಲಿ ಬೀಜವು ಮಟ್ಟ ಮುಟ್ಟಿದರೆ ಅವಧಿಯನ್ನು ಇನ್ನೂ ಆರು ತಿಂಗಳು ವಿಸ್ತರಿಸಬಹುದು. ಅಂದರೆ ಇದು ಮಾರುವವನ ಹೊಣೆಗಾರಿಕೆಗೆ ಹಾಕಿದ ಗಡುವೇ ಹೊರತು ಬೀಜದ ಮರಣಪತ್ರವಲ್ಲ. ಕಾನೂನು ಕೂಡ "ಎಸೆಯಿರಿ" ಎನ್ನುವುದಿಲ್ಲ, "ಮತ್ತೆ ಪರೀಕ್ಷಿಸಿರಿ" ಎನ್ನುತ್ತದೆ. ಎಸೆಯಲು ಕಲಿಸಿದ್ದು ಮಾರುಕಟ್ಟೆ.

ಬೀಜವು ನಿದ್ರೆಯಲ್ಲಿರುವ ಜೀವ. ಅದು ಅತಿ ನಿಧಾನವಾಗಿ ಉಸಿರಾಡುತ್ತಿರುತ್ತದೆ. ತೇವ ಮತ್ತು ಶಾಖ ಹೆಚ್ಚಿದಷ್ಟೂ ಉಸಿರು ಚುರುಕಾಗಿ ಆಯುಷ್ಯ ಕುಗ್ಗುತ್ತದೆ. ಬೀಜವಿಜ್ಞಾನಿ ಹ್ಯಾರಿಂಗ್ಟನ್ ಕೊಟ್ಟ ಸ್ಥೂಲ ಸೂತ್ರವನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡಿಕೊಳ್ಳಬೇಕು: ಬೀಜದ ತೇವಾಂಶ ಶೇಕಡಾ 1ರಷ್ಟು ಇಳಿದರೆ ಆಯುಷ್ಯ ಇಮ್ಮಡಿ, ಸಂಗ್ರಹದ ಉಷ್ಣತೆ 5 ಡಿಗ್ರಿ ಇಳಿದರೂ ಇಮ್ಮಡಿ. ಮೃತ ಸಮುದ್ರದ ಬಳಿಯ ಮಸಾಡ ಕೋಟೆಯ ಒಣ ನೆಲದಲ್ಲಿ ದೊರೆತ ಸುಮಾರು 2000 ವರ್ಷ ಹಳೆಯ ಖರ್ಜೂರದ ಬೀಜವೊಂದು 2005ರಲ್ಲಿ ಮೊಳೆತಿತು. ಬೀಜವನ್ನು ಕೊಲ್ಲುವುದರಲ್ಲಿ ಕ್ಯಾಲೆಂಡರಿಗಿಂತ ತೇವ ಮತ್ತು ಶಾಖದ ಪಾಲು ದೊಡ್ಡದು.

ಕರಾವಳಿಗೂ ಸಹ್ಯಾದ್ರಿಯ ತಪ್ಪಲಿಗೂ ಇದೇ ಸವಾಲು. ಇಲ್ಲಿ ನಾಲ್ಕು ತಿಂಗಳು ಗೋಡೆಯೇ ಬೆವರುತ್ತದೆ. ಹಿರಿಯರು ಇದನ್ನು ಬಲ್ಲವರಾಗಿದ್ದರು. ಭತ್ತದ ಬೀಜವನ್ನು ಹುಲ್ಲಿನ ಮುಡಿಯಲ್ಲಿ ಬಿಗಿದರು. ಸೌತೆಯನ್ನು ಮಾಡಿಗೆ ತೂಗುಹಾಕಿದರು. ಬೀಜಕ್ಕೆ ಬಿಟ್ಟ ಸೋರೆ, ಹೀರೆಗಳನ್ನು ಒಲೆಯ ಮೇಲಿನ ಅಟ್ಟದ ಹೊಗೆಯಲ್ಲಿ ಒಣಗಿಸಿದರು. ಬದನೆ, ಮೆಣಸಿನ ಬೀಜಕ್ಕೆ ಬೂದಿ ಬೆರೆಸಿದರು. ಹೊಗೆ ಮತ್ತು ಬೂದಿ ಎರಡೂ ತೇವವನ್ನೂ ಹುಳವನ್ನೂ ದೂರವಿಡುವ ಸಾಧನಗಳು. ಗ್ಯಾಸ್ ಒಲೆ ಬಂದಿತು, ತಾರಸಿ ಮನೆ ಬಂದಿತು, ಅಟ್ಟ ಹೋಯಿತು. ಅಟ್ಟ ಮಾಡುತ್ತಿದ್ದ ಕೆಲಸವನ್ನು ಮಾತ್ರ ಯಾರಿಗೂ ವಹಿಸಲಿಲ್ಲ. ಅರೆ ಒಣಗಿದ ಬೀಜವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೂಲೆಗಿಟ್ಟು, ಬಳಿಕ "ಹಳೆಯ ಬೀಜ ಹುಟ್ಟುವುದಿಲ್ಲ" ಎಂದರೆ ಅದು ಬೀಜದ ದೋಷವೇ?

ಹಾಗೆಂದು ಹಳೆಯದೆಲ್ಲ ಹೊನ್ನು ಎಂಬ ಭಾವುಕತೆಯೂ ಬೇಡ. ಈರುಳ್ಳಿ ಬೀಜ ಒಂದು ವರ್ಷ ದಾಟುವುದೇ ಕಷ್ಟ. ಬೆಂಡೆ, ಮೆಣಸು ಒಂದೆರಡು ವರ್ಷಕ್ಕೆ ಸೋಲುತ್ತವೆ. ಚೆನ್ನಾಗಿ ಒಣಗಿಸಿಟ್ಟ ಅಲಸಂದೆ ಮೂರು ವರ್ಷ, ಬದನೆ ನಾಲ್ಕು, ಸೌತೆ, ಕುಂಬಳಗಳು ನಾಲ್ಕೈದು ವರ್ಷ ಬದುಕಬಲ್ಲವು. ಆದರೆ ಇದಾವುದನ್ನೂ ಕಣ್ಣಳತೆಯಿಂದ ತೀರ್ಮಾನಿಸಬೇಕಿಲ್ಲ. 20 ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿನ ಜಾಗದಲ್ಲಿಟ್ಟು, ಒಂದು ವಾರದಿಂದ ಹತ್ತು ದಿನ, ಬದನೆ, ಮೆಣಸಾದರೆ ಎರಡು ವಾರ ಕಾದರೆ ಸಾಕು. 14 ಮೊಳೆತರೆ ಶೇಕಡಾ 70. ಪ್ರಮಾಣಿತ ಬದನೆ ಬೀಜಕ್ಕೆ ಸರ್ಕಾರ ಕೇಳುವ ಕನಿಷ್ಠ ಮೊಳಕೆಯೂ ಅಷ್ಟೇ. ಬೆಂಡೆಗೆ ಶೇಕಡಾ 65, ಸೌತೆ, ಕುಂಬಳದ ಜಾತಿಗೆ ಶೇಕಡಾ 60. ಹತ್ತೇ ಮೊಳೆತರೆ ಬಿತ್ತುವ ಪ್ರಮಾಣವನ್ನು ಹೆಚ್ಚಿಸಬೇಕು. ಹಳೆಯ ಬೀಜದ ಮೊಳಕೆಗೆ ಕಸುವು ಕಡಿಮೆ, ಜಡಿಮಳೆಯ ಕೆಸರಿನಲ್ಲಿ ಕೊಳೆಯಬಹುದು. ಆದ್ದರಿಂದ ಅದನ್ನು ನೇರ ಗದ್ದೆಗೆ ಹಾಕದೆ ಮಾಡಿನ ಕೆಳಗೆ ಸಸಿ ಮಾಡಿ ನೆಡಬೇಕು. ಬಟ್ಟಲು ನೀರು, ತುಂಡು ಬಟ್ಟೆ: ಇಷ್ಟೇ ಪ್ರಯೋಗಶಾಲೆ. ಇದನ್ನು ಮಾಡದೆ ಎಸೆಯುವುದು ಅವಿವೇಕ.

ಇನ್ನೊಂದು ಗೊಂದಲವನ್ನು ಬಿಡಿಸಬೇಕಾಗಿದೆ. "ಹೈಬ್ರಿಡ್ ಬೀಜ ಮರುವರ್ಷ ಬರುವುದಿಲ್ಲ" ಎಂಬ ಮಾತಿನಲ್ಲಿ ಎರಡು ಸಂಗತಿಗಳು ಬೆರೆತುಹೋಗಿವೆ. ಪೊಟ್ಟಣದಲ್ಲಿ ಉಳಿದ ಹೈಬ್ರಿಡ್ ಬೀಜ ಮರುವರ್ಷ ಮೊಳೆತರೆ ಅದೇ ಹೈಬ್ರಿಡ್ ಗಿಡವನ್ನೇ ಕೊಡುತ್ತದೆ, ಅದನ್ನು ಎಸೆಯಬೇಕಿಲ್ಲ. ಆ ಗಿಡದ ಕಾಯಿಯಿಂದ ತೆಗೆದ ಬೀಜದಲ್ಲಿ ಮಾತ್ರ ಗುಣಗಳು ಚದುರುತ್ತವೆ. ಊರ ತಳಿಯ ಬೀಜಕ್ಕೆ ಈ ತೊಡಕಿಲ್ಲ. ಸೌತೆ, ಕುಂಬಳದಂಥವುಗಳಲ್ಲಿ ದುಂಬಿ ತರುವ ಪರಕೀಯ ಪರಾಗದಿಂದ ಹೂವನ್ನು ಕಾಪಾಡಿದರೆ ಸಾಕು. ಒಂದು ಎಚ್ಚರಿಕೆ: ಕೆಂಪು, ಹಸಿರು ಬಣ್ಣ ಬಳಿದ ಬೀಜಗಳಿಗೆ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ. ಅವನ್ನು ಕೋಳಿಗೂ ಹಾಕಬಾರದು.

ಇಷ್ಟೆಲ್ಲ ಗೋಜು ಒಂದು ಅಗ್ಗದ ಪೊಟ್ಟಣಕ್ಕಾಗಿಯೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಪೊಟ್ಟಣದ ಬೆಲೆಯದಲ್ಲ. ಅಜ್ಜಿಯ ಡಬ್ಬಿಯಲ್ಲಿದ್ದ ಹಾಲುಬೆಂಡೆಯೋ ಊರ ಹೀರೆಯೋ ಒಮ್ಮೆ ತಿಪ್ಪೆ ಸೇರಿದರೆ ಅದನ್ನು ಯಾವ ಅಂಗಡಿಯೂ ಮರಳಿಸುವುದಿಲ್ಲ. ಸಾಲಿಗ್ರಾಮದಿಂದ ದಕ್ಷಿಣಕ್ಕೆ ಸ್ವಲ್ಪ ದೂರದಲ್ಲಿರುವ ಮಟ್ಟು ಗ್ರಾಮವನ್ನು ನೋಡಬೇಕು. ಅಲ್ಲಿನ ರೈತರು ತಲೆಮಾರುಗಳಿಂದ ಬೀಜ ಎತ್ತಿಟ್ಟು ಉಳಿಸಿದ ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಅದಕ್ಕೂ ಮೊದಲೇ ಬಿಟಿ ಬದನೆಗಾಗಿ ಆರಿಸಿದ ಕರ್ನಾಟಕದ ತಳಿಗಳ ಪಟ್ಟಿಯಲ್ಲಿ ಉಡುಪಿ ಗುಳ್ಳವೂ ಸೇರಿತ್ತು. ಜನರ ಪ್ರತಿರೋಧದ ನಡುವೆ 2010ರ ಫೆಬ್ರವರಿ 9ರಂದು ಕೇಂದ್ರ ಸರ್ಕಾರ ಬಿಟಿ ಬದನೆಗೆ ತಡೆ ಹಾಕಿತು. ರೈತ ಎತ್ತಿಟ್ಟ ಬೀಜದ ಬೆಲೆ ಕಂಪನಿಗಳಿಗೆ ಗೊತ್ತಿದೆ. ಗೊತ್ತಿಲ್ಲದಿರುವುದು ಅದನ್ನು ಎಸೆಯುವ ರೈತನಿಗೇ.

ಕಾನೂನೂ ರೈತನ ಪರವಾಗಿದೆ. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೆಯ ವಿಧಿ ಬೀಜವನ್ನು ಉಳಿಸುವ, ಮರುಬಿತ್ತನೆ ಮಾಡುವ, ಹಂಚುವ, ವಿನಿಮಯ ಮಾಡುವ, ಬ್ರಾಂಡ್ ಹೆಸರಿಲ್ಲದೆ ಮಾರುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ಆದರೆ ಡಬ್ಬಿಯಲ್ಲಿ ಬೀಜವೇ ಇಲ್ಲದವನಿಗೆ ಈ ಹಕ್ಕು ಬರಿಯ ಕಾಗದ. ಶಿರಸಿಯ ವನಸ್ತ್ರೀ ಬಳಗದ ಮಹಿಳೆಯರು ಎರಡು ದಶಕಗಳಿಗೂ ಮಿಕ್ಕಿ ಮಲೆನಾಡಿನ ಕೈತೋಟದ ಬೀಜಗಳನ್ನು ಕೈಯಿಂದ ಕೈಗೆ ದಾಟಿಸುತ್ತ ಬಂದಿದ್ದಾರೆ. ಅದು ಸಾಲಿಗ್ರಾಮದಲ್ಲಿ, ಘಟ್ಟದ ಬುಡದ ಪ್ರತಿ ಹಳ್ಳಿಯಲ್ಲಿ ಆಗದ ಕೆಲಸವೇನಲ್ಲ.

ಮೇ ತಿಂಗಳ ಬಿಸಿಲು ಇರುವಾಗಲೇ ಉಳಿದ ಬೀಜಗಳೆಲ್ಲ ನೆರಳಿನಲ್ಲಿ ಒಣಗಿ, ಬೂದಿಯೊಡನೆ ಗಾಳಿಯಾಡದ ಗಾಜಿನ ಬಾಟಲಿ ಸೇರಲಿ. ಅದರ ಮೇಲೆ ತಳಿಯ ಹೆಸರು, ಕೊಯ್ದ ವರ್ಷ, ಕೊಟ್ಟವರ ಹೆಸರು ಇರಲಿ. ವಿದ್ಯಾರ್ಥಿಗಳು ಮನೆಮನೆಯ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಪರೀಕ್ಷಿಸಿ ಲೆಕ್ಕ ಬರೆಯಲಿ. ಹೆಚ್ಚಿದ್ದವರು ಇಲ್ಲದವರಿಗೆ ಕೊಡಲಿ. ಮೊಳೆಯದ ಬೀಜವನ್ನು ಎಸೆಯಲು ಆಮೇಲೂ ಸಮಯವಿದೆ. ಎಸೆದ ಬೀಜವನ್ನು ಮೊಳೆಯಿಸಲು ಸಮಯವಿಲ್ಲ.