ಇಲ್ಲದ ಸಂಪಾದಕಿ

ಎಂಟೆಕ್ ಮುಗಿಯೋ ಹೊತ್ತಿಗೆ ಒಂದು ಪೇಪರ್ ಪಬ್ಲಿಷ್ ಆಗಲೇಬೇಕು ಅಂತ ಒದ್ದಾಡುವವರಿಗೆ 'ಇಂಟರ್‌ನ್ಯಾಷನಲ್ ಮಲ್ಟಿಡಿಸಿಪ್ಲಿನರಿ ಜರ್ನಲ್' ಮೇಲ್‌ಗಳು ಹೊಸದಲ್ಲ. ಕಾಂಕ್ರೀಟಿಗೂ ಜಾಗ, ಕಾವ್ಯಕ್ಕೂ ಜಾಗ. ನಂಬಿಕೆ ಬರಲಿ ಅಂತ ಸಂಪಾದಕ ಮಂಡಳಿಯಲ್ಲಿ ಸಾಲುಸಾಲು ಡಾಕ್ಟರ್‌ಗಳು.

ಆ ಪಟ್ಟಿ ಎಷ್ಟು ಗಟ್ಟಿ? ಪೋಲೆಂಡಿನ ಕೆಲವು ಸಂಶೋಧಕರು 2015ರಲ್ಲಿ ಪರೀಕ್ಷೆ ಮಾಡೇಬಿಟ್ಟರು. ಅನ್ನಾ ಓ. ಶುಸ್ಟ್ ಅನ್ನೋ ಇಲ್ಲದ ವಿಜ್ಞಾನಿಯನ್ನು ಹುಟ್ಟಿಸಿ, ಸುಳ್ಳು ಡಿಗ್ರಿ ಕೊಟ್ಟು, 360 ಜರ್ನಲ್‌ಗಳಿಗೆ 'ಸಂಪಾದಕಿ ಆಗ್ತೀನಿ' ಅಂತ ಅರ್ಜಿ ಹಾಕಿದರು. ಸ್ಕೋಪಸ್‌ನಲ್ಲಿ ಆಕೆಯ ಒಂದು ಲೇಖನವೂ ಇರಲಿಲ್ಲ. ಆದ್ರೂ 48 ಜರ್ನಲ್‌ಗಳು ಬನ್ನಿ ಮೇಡಂ ಅಂದವು. ನಾಲ್ಕು ಕಡೆಯಂತೂ ನೇರವಾಗಿ ಪ್ರಧಾನ ಸಂಪಾದಕಿ! ಪೋಲಿಷ್ ಭಾಷೇಲಿ 'ಓಶುಸ್ಟ್' ಅಂದ್ರೆ ಮೋಸಗಾರ. ಗುಟ್ಟು ಹೆಸರಲ್ಲೇ ಇತ್ತು. 2017ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಎಲ್ಲ ಬಯಲಾಯ್ತು. ಜರ್ನಲ್ ಸೈಟೇಷನ್ ರಿಪೋರ್ಟ್ಸ್ ಪಟ್ಟಿಯಿಂದ ಆರಿಸಿದ್ದ 120 ಜರ್ನಲ್‌ಗಳಲ್ಲಿ ಮಾತ್ರ ಒಂದೂ ಒಪ್ಪಲಿಲ್ಲ.

ನಿಜವಾದ ಮಂಡಳಿಯವರಿಗೆ ಕೈತುಂಬ ಕೆಲಸ ಇರುತ್ತೆ: ಆ ವಿಷಯ ಬಲ್ಲ ವಿಮರ್ಶಕರನ್ನು ಹುಡುಕೋದು, ಜಗಳ ಬಿಡಿಸೋದು, ಬೇಡದ್ದನ್ನು ವಾಪಸ್ ಕಳಿಸೋದು. ಹೆಚ್ಚಿನವರಿಗೆ ಇದಕ್ಕೆ ಸಂಬಳವೂ ಇಲ್ಲ.

ಹಾಗಾಗಿ ಫೀಸ್ ಕಟ್ಟೋ ಮುಂಚೆ ಪಟ್ಟಿಯಲ್ಲಿರೋ ಒಬ್ಬ ಪ್ರೊಫೆಸರ್‌ಗೆ ಮೇಲ್ ಹಾಕಿ. ವಿಳಾಸ ಅವರ ಕಾಲೇಜಿನ ಸೈಟಿನಿಂದಲೇ ತಗೊಳ್ಳಿ, ಜರ್ನಲ್‌ನಿಂದಲ್ಲ. 'ಯಾವ ಜರ್ನಲ್ಲಪ್ಪಾ ಅದು?' ಅಂತ ಅವರೇ ತಿರುಗಿ ಕೇಳಿದ್ರೆ, ದುಡ್ಡು ನಿಮ್ಮ ಅಕೌಂಟಲ್ಲೇ ಇರಲಿ.