ಫೋನಿನ ಗಳಿಕೆಗೆ ಮೊದಲು ಮನೆಯ ಲೆಕ್ಕ



ಬೇಸಾಯಗಾರನ ಮನೆಗೆ ಹಣ ಬರುವುದು ಸುಗ್ಗಿಯಲ್ಲಿ; ಖರ್ಚು ಮಾತ್ರ ಹನ್ನೆರಡು ತಿಂಗಳೂ ಇರುತ್ತದೆ. ಮಳೆಯನ್ನು ನಂಬಿ ರಾಗಿ, ಅವರೆ, ತೊಗರಿ ಬೆಳೆಯುವವರ ಕಷ್ಟವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ. ಕಣದ ಕೆಲಸ ಮುಗಿದಾಗ ಕೈಗೆ ಬಂದ ಹಣ ಯುಗಾದಿಯ ಹೊತ್ತಿಗೆ ಕರಗಿರುತ್ತದೆ. ಜೂನ್ ತಿಂಗಳಲ್ಲಿ ಬಿತ್ತನೆ ಬೀಜ, ಗೊಬ್ಬರ, ಮಕ್ಕಳ ಶಾಲೆಯ ಶುಲ್ಕ ಮೂರೂ ಒಟ್ಟಿಗೆ ಬಾಗಿಲಿಗೆ ಬರುತ್ತವೆ. ಆಗ ಕೈಸಾಲಕ್ಕೆ ಓಡುವುದು ಅನಿವಾರ್ಯವಾಗುತ್ತದೆ.

ಈಚಿನ ವರ್ಷಗಳಲ್ಲಿ ಈ ಕೊರತೆಯನ್ನು ಫೋನಿನಿಂದ ತುಂಬಿಕೊಳ್ಳಬಹುದೆಂಬ ಆಸೆ ಹಳ್ಳಿಗಳಲ್ಲಿ ಹಬ್ಬಿದೆ. ಇದು ಪೂರ್ತಿ ಸುಳ್ಳಲ್ಲ. ಆದರೆ ಲೆಕ್ಕವಿಲ್ಲದ ಮನೆಗೆ ಫೋನಿನಿಂದ ಬಂದ ಹಣ ತೂತು ಮಡಕೆಗೆ ಹೊಯ್ದ ನೀರಿನಂತೆ. ಮೊದಲು ಮಡಕೆ, ಆಮೇಲೆ ನೀರು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ನಾನು ಬಲ್ಲ ಒಂದು ಮನೆ

ನನಗೆ ಪರಿಚಯವಿರುವ ಒಂದು ರೈತ ಕುಟುಂಬದ ಮಗನಿಗೆ ಫೋನಿನಲ್ಲಿ ಒಂದು ಸಂದೇಶ ಬಂತು. ಮನೆಯಲ್ಲೇ ಕುಳಿತು ದಿನಕ್ಕೆ ಎರಡು ಸಾವಿರ ಗಳಿಸಬಹುದು ಎಂದಿತ್ತು. ಮೊದಲ ದಿನ 150 ರೂ. ನಿಜವಾಗಿಯೂ ಬಂತು. ಮರುದಿನ 300 ರೂ. ಬಂತು. ಮೂರನೆಯ ದಿನ ಹೆಚ್ಚಿನ ಕೆಲಸಕ್ಕೆ 2,000 ರೂ. ಠೇವಣಿ ಇಡಿ ಎಂದರು; ಆಮೇಲೆ ಆ ಠೇವಣಿ ಬಿಡಿಸಿಕೊಳ್ಳಲು ಇನ್ನಷ್ಟು ಕಟ್ಟಿ ಎಂದರು. ವಾರದೊಳಗೆ 18,000 ರೂ. ಹೋಯಿತು. ಅದು ತಂದೆ ರಾಗಿ ಮಾರಿ ಬಿತ್ತನೆಗೂ ತಂಗಿಯ ಕಾಲೇಜಿಗೂ ಎತ್ತಿಟ್ಟಿದ್ದ ಹಣ. ಹುಡುಗ ನಾಚಿಕೆಯಿಂದ ಹತ್ತು ದಿನ ಬಾಯಿ ಬಿಡಲಿಲ್ಲ. ಆ ವರ್ಷದ ಗೊಬ್ಬರ ನೂರಕ್ಕೆ ಮೂರು ರೂಪಾಯಿ ಬಡ್ಡಿಯ ಸಾಲದಲ್ಲಿ ಬಂತು.

ಆ ಹುಡುಗ ಸೋಮಾರಿಯಲ್ಲ. ಮನೆಗೆ ನೆರವಾಗಬೇಕೆಂದೇ ಹೊರಟವನು. ಆದುದರಿಂದಲೇ ಈ ವಿಷಯವನ್ನು ತಮ್ಮ ಮುಂದಿಡುತ್ತಿದ್ದೇನೆ.

ಜಮಾ ಖರ್ಚಿನ ಪುಸ್ತಕ

ಒಂದು ನೂರು ಪುಟದ ಪುಸ್ತಕ ಸಾಕು. ಎಡಪುಟದಲ್ಲಿ ಬಂದದ್ದು, ಬಲಪುಟದಲ್ಲಿ ಹೋದದ್ದು. ಬೇಸಾಯದ ಖರ್ಚು ಮತ್ತು ಮನೆಯ ಖರ್ಚುಗಳನ್ನು ಬೇರೆ ಬೇರೆಯಾಗಿ ಬರೆಯಿರಿ. ಮೂರು ತಿಂಗಳು ತಪ್ಪದೆ ಬರೆದರೆ ಎಲ್ಲಿ ಸೋರುತ್ತಿದೆ ಎಂಬುದು ತಾನಾಗಿಯೇ ಕಾಣುತ್ತದೆ. ಮನೆಯಲ್ಲಿ ಮೂರು ಫೋನುಗಳಿದ್ದು ಅವುಗಳ ರೀಚಾರ್ಜಿಗೆ ತಿಂಗಳಿಗೆ 900 ರೂ. ಆದರೆ ವರ್ಷಕ್ಕೆ 10,800 ರೂ. ಆಗುತ್ತದೆ. ಒಂದು ಫೋನಿಗೆ ಮಾತ್ರ ಇಂಟರ್‌ನೆಟ್ ಇಟ್ಟು, ಉಳಿದವನ್ನು ಮಾತಿಗೆ ಮಾತ್ರ ಇಟ್ಟುಕೊಂಡರೆ ನಷ್ಟವೇನು? ಬಚ್ಚಲ ನೀರು ಹರಿಯುವಲ್ಲಿ ಎರಡು ನುಗ್ಗೆ, ನಾಲ್ಕು ಮಡಿ ಸೊಪ್ಪು, ಒಂದು ಕರಿಬೇವಿನ ಗಿಡ ಇದ್ದರೆ ಸಂತೆಯ ಚೀಲ ಎಷ್ಟು ಹಗುರವಾಗುತ್ತದೆಂಬುದನ್ನು ಮನೆಯ ಹೆಣ್ಣುಮಕ್ಕಳೇ ಹೇಳುತ್ತಾರೆ.

ಸರ್ಕಾರದಿಂದ ಬರುವ ಹಣಕ್ಕೂ ಒಂದು ಕೆಲಸ ಗೊತ್ತುಮಾಡಿರಿ. 2019ರಲ್ಲಿ ಪ್ರಾರಂಭವಾದ ಪಿ.ಎಂ. ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ ಮೂರು ಕಂತುಗಳಲ್ಲಿ 6,000 ರೂ. ಬರುತ್ತದೆ. ಅದನ್ನು ಮುಟ್ಟದೆ ಇಟ್ಟರೆ ಜೂನ್ ತಿಂಗಳ ಶಾಲಾ ಶುಲ್ಕಕ್ಕೆ ಆಧಾರವಾಗುತ್ತದೆ. 2023ರ ಆಗಸ್ಟ್‌ನಲ್ಲಿ ಪ್ರಾರಂಭವಾದ ಗೃಹಲಕ್ಷ್ಮಿಯ 2,000 ರೂ. ಕಂತುಗಳು ತಡವಾದ ತಿಂಗಳುಗಳೂ ಉಂಟು. ಅದನ್ನು ನಂಬಿ ಅಂಗಡಿಯಲ್ಲಿ ಸಾಲ ಬರೆಸಬೇಡಿರಿ.

ಬಡ್ಡಿ ಎಂಬ ಸೋರಿಕೆ

ಎಲ್ಲಕ್ಕಿಂತ ದೊಡ್ಡ ತೂತು ಬಡ್ಡಿ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯಂತೆ 50,000 ರೂ. ತಂದರೆ ತಿಂಗಳಿಗೆ 1,500 ರೂ., ವರ್ಷಕ್ಕೆ 18,000 ರೂ. ಬಡ್ಡಿಯಾಗುತ್ತದೆ. ಅದೇ ಹಣವನ್ನು ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆ ಸಾಲವಾಗಿ ಪಡೆದು ಗಡುವಿನೊಳಗೆ ತೀರಿಸಿದರೆ ವರ್ಷಕ್ಕೆ ಶೇಕಡ 4ರ ದರದಲ್ಲಿ 2,000 ರೂ. ಮಾತ್ರ. ಬಡ್ಡಿ ದರ ಶೇಕಡ 7. ಸಕಾಲಕ್ಕೆ ಕಟ್ಟಿದವರಿಗೆ ಶೇಕಡ 3 ರಿಯಾಯಿತಿ. ಈ ಸೌಲಭ್ಯ 2025-26ನೇ ಸಾಲಿಗೂ ಮುಂದುವರಿಯಿತು. ಉಳಿತಾಯ 16,000 ರೂ. ಈ ಅಂಕಿಯನ್ನು ನೆನಪಿನಲ್ಲಿಡಿರಿ, ಮುಂದೆ ಬೇಕಾಗುತ್ತದೆ. ಕಾರ್ಡು ಇಲ್ಲದವರು ಬಿತ್ತನೆಗೆ ಎರಡು ತಿಂಗಳು ಮೊದಲೇ ಪಹಣಿ, ಆಧಾರ್ ಹಿಡಿದು ಬ್ಯಾಂಕಿಗೋ ಸಹಕಾರ ಸಂಘಕ್ಕೋ ಹೋಗುವುದು ಒಳ್ಳೆಯದು. ಮಳೆ ಬಿದ್ದ ಮೇಲೆ ಓಡಿದರೆ ಕೈಗೆ ಸಿಗುವುದು ಕೈಸಾಲವೇ.

ಫೋನಿನಿಂದ ಏನು ಮಾರಬೇಕು?

ಈಗ ಗಳಿಕೆಯ ಮಾತು. ಹೊಲದಲ್ಲಿ, ಹಿತ್ತಿಲಲ್ಲಿ, ಅಡಿಗೆಮನೆಯಲ್ಲಿ ಈಗಾಗಲೇ ಇರುವುದನ್ನು ಮಾರುವುದಾದರೆ ಮಾತ್ರ ಫೋನು ರೈತನಿಗೆ ನೆರವು. ರಾಗಿ ಹುರಿಹಿಟ್ಟು, ಹುಣಸೆಹಣ್ಣು, ನುಗ್ಗೆಸೊಪ್ಪಿನ ಪುಡಿ, ಉಪ್ಪಿನಕಾಯಿ, ಸಸಿಗಳು, ನಾಟಿಕೋಳಿ ಮೊಟ್ಟೆ ಇಂಥವು.

ಒಂದು ಲೆಕ್ಕ ನೋಡೋಣ. 2025-26ನೇ ಸಾಲಿನ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂ.; ಕಿಲೋಗೆ ಸುಮಾರು 49 ರೂ. ಕಸ, ಹೊಟ್ಟು ಕಳೆದು ಒಂದು ಕಿಲೋ ಹಿಟ್ಟಿಗೆ ಒಂದೂಕಾಲು ಕಿಲೋ ರಾಗಿ ಎಂದಿಟ್ಟುಕೊಂಡರೆ 61 ರೂ. ಸೌದೆ, ಗಿರಣಿ 15 ರೂ., ಚೀಲ ಮತ್ತು ಚೀಟಿ 12 ರೂ., ಒಂದೊಂದೇ ಕಿಲೋ ಕೊರಿಯರ್ ಮಾಡಿದರೆ 60 ರೂ. ಒಟ್ಟು 148 ರೂ. ಮಾರಾಟದ ಬೆಲೆ 180 ರೂ. ಆದರೆ ಉಳಿಯುವುದು 32 ರೂ. ಅದೇ ಐದು ಕಿಲೋ ಒಂದೇ ಕಟ್ಟಾಗಿ ಬಸ್ಸಿನ ಪಾರ್ಸೆಲಿನಲ್ಲಿ 100 ರೂಪಾಯಿಗೆ ಹೋದರೆ ಸಾಗಣೆ ಕಿಲೋಗೆ 20 ರೂ.; ಉಳಿಯುವುದು 72 ರೂ. ತಿಂಗಳಿಗೆ 20 ಕಿಲೋ ಮಾರಿದರೆ 1,440 ರೂ., ವರ್ಷಕ್ಕೆ 17,280 ರೂ.

ಬೆಂಬಲ ಬೆಲೆಯೊಂದನ್ನು ಬಿಟ್ಟರೆ ಇವೆಲ್ಲ ಉದಾಹರಣೆಗೆ ಕೊಟ್ಟ ಅಂಕಿಗಳು. ತಮ್ಮ ಊರಿನ ದರ ಹಾಕಿ ನೋಡಿರಿ. ಇದರಲ್ಲಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದವರ ಕೂಲಿ ಸೇರಿಲ್ಲ ಎಂಬುದನ್ನು ಮರೆಯಬಾರದು. ಮೇಲೆ ಹೇಳಿದ 16,000 ರೂಪಾಯಿಯ ಪಕ್ಕದಲ್ಲಿ ಈ ಅಂಕಿಯನ್ನು ಇಟ್ಟು ನೋಡಿರಿ. ಇಡೀ ವರ್ಷದ ಹುರಿಹಿಟ್ಟಿನ ದುಡಿಮೆಯೂ ಬಡ್ಡಿ ತಪ್ಪಿಸಿದ ಉಳಿತಾಯವೂ ಹೆಚ್ಚುಕಡಿಮೆ ಸಮಸಮ. ಎರಡೂ ಕೂಡಿದರೆ ಮನೆ ನೆಟ್ಟಗಾಗುತ್ತದೆ. ಒಂದು ಕಡೆ ದುಡಿದು ಇನ್ನೊಂದು ಕಡೆ ಬಡ್ಡಿ ಕಟ್ಟಿದರೆ ಆ ಮನೆಯ ಹೆಣ್ಣುಮಗಳು ಸಾಲಗಾರನಿಗಾಗಿ ರಾಗಿ ಹುರಿದಂತಾಗುತ್ತದೆ.

ತಿನ್ನುವ ಪದಾರ್ಥ ಮಾರುವವರು ಆಹಾರ ಸುರಕ್ಷತಾ ನೋಂದಣಿ ಮಾಡಿಸಿಕೊಂಡು, ಅದರ ಸಂಖ್ಯೆ, ತೂಕ, ತಯಾರಿಸಿದ ದಿನಾಂಕಗಳನ್ನು ಚೀಟಿಯಲ್ಲಿ ನಮೂದಿಸಬೇಕು. ತಯಾರಿಕೆಯ ತರಬೇತಿಗೆ ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಬಹುದು. ಮೊದಲ ಗಿರಾಕಿಗಳು ಪಟ್ಟಣದಲ್ಲಿರುವ ನೆಂಟರು, ಅವರ ನೆರೆಹೊರೆಯವರೇ ಆಗಲಿ. ಯಂತ್ರ ಕೊಳ್ಳಲು ಸಾಲ ಮಾಡಬೇಡಿರಿ.

ಯೂಟ್ಯೂಬಿನಲ್ಲಿ ಬೇಸಾಯದ ಚಿತ್ರ ಹಾಕಿ ಗಳಿಸುವ ಆಸೆ ಅನೇಕ ಯುವಕರಿಗೆ ಇದೆ. ಸಾಮಾನ್ಯ ವೀಡಿಯೋಗಳಿಂದ ಜಾಹೀರಾತಿನ ಪಾಲು ಬರಬೇಕಾದರೆ 1,000 ಚಂದಾದಾರರು ಮತ್ತು 12 ತಿಂಗಳಲ್ಲಿ ಜನ 4,000 ಗಂಟೆ ನೋಡಿರಬೇಕು. ಹವ್ಯಾಸವಾಗಿ ಮಾಡಲಿ, ಮನೆಯ ಬಜೆಟ್ಟಿನಲ್ಲಿ ಅದನ್ನು ಆದಾಯವೆಂದು ಬರೆಯಬೇಡಿರಿ.

ಎಚ್ಚರಿಕೆಯ ಮಾತು

ಕೆಲಸ ಕೊಡುವವನು ಮುಂಗಡ ಹಣ ಕೇಳಿದರೆ ಅದು ಕೆಲಸವಲ್ಲ, ಮೋಸ. ಹಣ ಪಡೆಯಲು ಯು.ಪಿ.ಐ. ಗುಪ್ತ ಸಂಖ್ಯೆ ಒತ್ತಬೇಕಾಗಿಲ್ಲ. ಒತ್ತಿರಿ ಎಂದವನು ಹಣ ಕೀಳಲು ಬಂದವನು. ಫೋನಿನಲ್ಲೇ ನಿಮಿಷದಲ್ಲಿ ಸಾಲ ಕೊಡುತ್ತೇವೆಂಬ ಅಪರಿಚಿತರ ಹತ್ತಿರ ಸುಳಿಯಬೇಡಿರಿ. ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸುವ ಕಾಯಿದೆ 2025ರಲ್ಲಿ ಬಂದಿದೆ. ಆದರೂ ಬೇರೆ ವೇಷದಲ್ಲಿ ಬಂದು ಕರೆಯುವವರು ಇದ್ದಾರೆ. ಮೋಸ ಹೋದದ್ದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಿರಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು. ಆ ಹುಡುಗ ಹತ್ತು ದಿನ ಸುಮ್ಮನಿದ್ದದ್ದೇ ದೊಡ್ಡ ನಷ್ಟವಾಯಿತು.

ಹಿರಿಯರಲ್ಲಿ ಒಂದು ವಿನಂತಿ. ಮಕ್ಕಳು ತಪ್ಪನ್ನು ಹೇಳಿಕೊಳ್ಳಲು ಹೆದರದಂತೆ ಮನೆಯ ಮಾತುಕತೆ ಇರಲಿ. ತಿಂಗಳಿಗೊಮ್ಮೆ, ಅಮಾವಾಸ್ಯೆಯ ದಿನವೋ ಸಂತೆಯ ಮರುದಿನವೋ, ಎಲ್ಲರೂ ಕುಳಿತು ಜಮಾ ಖರ್ಚಿನ ಪುಸ್ತಕ ಓದಿರಿ. ಹುರಿಹಿಟ್ಟಿನ ಹಣ ದುಡಿದ ಹೆಣ್ಣುಮಗಳ ಖಾತೆಗೇ ಹೋಗಲಿ. ಅದು ಯಾವುದಕ್ಕೆ ಎಂಬುದನ್ನು ಅವಳೇ ಹೇಳಲಿ. ಹನಿಗೂಡಿದರೆ ಹಳ್ಳ ಎಂಬುದು ನಿಜ. ಆದರೆ ಹನಿ ನಿಲ್ಲಬೇಕಾದರೆ ಮೊದಲು ಬದು ಭದ್ರವಾಗಿರಬೇಕು. ಹೊಲಕ್ಕೆ ಬದು ಹಾಕಲು ಬಲ್ಲ ತಮಗೆ ಮನೆಯ ಹಣಕ್ಕೆ ಬದು ಹಾಕುವುದು ಕಷ್ಟವೇನಲ್ಲ. ಈ ತಿಂಗಳೇ ಪುಸ್ತಕ ತೆರೆಯಿರಿ.